ಸಣ್ಣ ಶೆಡ್ಡಿಗೆ ಕಾಂಬಿ ಪ್ಲೇನರ್: ಹಣ ಕೊಡುವ ಮೊದಲು ಏನೇನು ಅಳೆಯಬೇಕು

ಮಂಗಳೂರು, ಉಡುಪಿ ಕಡೆಯ ಸಣ್ಣ ಮರಗೆಲಸದ ಶೆಡ್ಡುಗಳಲ್ಲಿ ಜಾಗ ಕಡಿಮೆ, ಕೆಲಸ ಮಾತ್ರ ದೊಡ್ಡ ಗಾತ್ರದ್ದು: ದಾರಂದ, ಬಾಗಿಲು, ಮಂಚ, ಊಟದ ಮೇಜು. ಇಂಥಲ್ಲಿಗೆ ಸರ್ಫೇಸ್ ಪ್ಲೇನರ್ ಮತ್ತು ಥಿಕ್ನೆಸ್ ಪ್ಲೇನರ್ ಎರಡೂ ಒಂದೇ ಕಟ್ಟರ್ ಬ್ಲಾಕಿನಲ್ಲಿ (ಬ್ಲೇಡ್ ಕೂರಿಸಿದ, ತಿರುಗುವ ಉರುಳೆ) ಇರುವ ಕಾಂಬಿ ಮಷೀನ್ ಹೊಂದುತ್ತದೆ. ಮೇಲಿನ ಟೇಬಲ್ಲಿನಲ್ಲಿ ಹಲಗೆಯ ಒಂದು ಮುಖ ಸಪಾಟಾಗುತ್ತದೆ, ಒಂದು ಅಂಚು ಮೂಲೆಮಟ್ಟಕ್ಕೆ ಬರುತ್ತದೆ. ಆಮೇಲೆ ಕೆಳಗೆ ತೂರಿಸಿದರೆ ಎದುರಿನ ಮುಖ ಬೇಕಾದ ದಪ್ಪಕ್ಕೆ ಇಳಿಯುತ್ತದೆ. ಥಿಕ್ನೆಸರ್ ಒಂದೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ತಿರುಚಿದ ಹಲಗೆಯನ್ನು ಅದರ ರೋಲರ್‌ಗಳು ಒತ್ತಿ ಹಿಡಿದು ಕೀಸುತ್ತವೆ. ಆಚೆ ಬಂದ ಕೂಡಲೇ ಹಲಗೆ ತನ್ನ ತಿರುಚಿಗೆ ಮರಳುತ್ತದೆ. ದಪ್ಪ ಒಂದೇ ಸಮ ಇರುತ್ತದೆ, ಅಷ್ಟೇ.

ಕಾಂಬಿ ಕೊಳ್ಳುವುದಕ್ಕೆ ನಿಜವಾದ ಕಾರಣ ಅಗಲ. ಬೇರೆ ಬೇರೆ ಕೊಂಡವರ ಬಳಿ ಸಾಮಾನ್ಯವಾಗಿ 6 ಇಂಚಿನ ಸರ್ಫೇಸ್ ಪ್ಲೇನರ್, 12 ಇಂಚಿನ ಥಿಕ್ನೆಸರ್ ಇರುತ್ತದೆ. 9 ಇಂಚಿನ ಹಲಸಿನ ಹಲಗೆ ಬಂದರೆ ಅದನ್ನು ಸಿಗಿದು, ಕೀಸಿ, ಮತ್ತೆ ಅಂಟಿಸಬೇಕು. ಕಾಂಬಿಯಲ್ಲಿ ಎರಡೂ ಕೆಲಸಕ್ಕೆ ಒಂದೇ ಅಗಲ ಸಿಗುತ್ತದೆ. 5×3 ಇಂಚಿನ ದಾರಂದ, ಕಿಟಕಿ ಚೌಕಟ್ಟು ಮಾತ್ರ ಮಾಡುವುದಾದರೆ 10 ಇಂಚು ಧಾರಾಳ. ಬಾಗಿಲ ಹಲಗೆ, ಮೇಜಿನ ಮೇಲ್ಭಾಗ ಮಾಡುವವರು 12 ಇಂಚಿಗೆ ಹೋಗುವುದೇ ಸರಿ. 16 ಇಂಚು ಒಂದಿಬ್ಬರೇ ದುಡಿಯುವ ಶೆಡ್ಡಿಗೆ ಹೊರೆ.

ಟೇಬಲ್ಲಿನ ಉದ್ದವನ್ನೂ ಕೇಳಿ. ಎರಡೂ ಟೇಬಲ್ ಸೇರಿದ ಉದ್ದದ ಎರಡರಷ್ಟು ಉದ್ದದ ಹಲಗೆಯನ್ನು ನೇರ ಮಾಡಬಹುದು ಎಂಬುದು ಅಂದಾಜು ಲೆಕ್ಕ. 1.4 ಮೀಟರ್ ಟೇಬಲ್ ಇದ್ದರೆ 7 ಅಡಿಯ ದಾರಂದದ ಕಾಲಿಗೆ ತೊಂದರೆಯಿಲ್ಲ; ಆಚೀಚೆ ಒಂದೊಂದು ರೋಲರ್ ಸ್ಟ್ಯಾಂಡ್ ಇಟ್ಟರಾಯಿತು. ಜಾಗ ಅಳೆಯುವಾಗ ಒಂದು ವಿಷಯ ನೆನಪಿರಲಿ: ಮೇಲೆ ಮರ ಯಾವ ದಿಕ್ಕಿಗೆ ಸಾಗುತ್ತದೋ ಕೆಳಗೆ ಅದರ ವಿರುದ್ಧ ದಿಕ್ಕಿಗೆ ಸಾಗುತ್ತದೆ, ಏಕೆಂದರೆ ತಿರುಗುವ ಬ್ಲಾಕಿನ ಮೇಲ್ಮೈ ಒಂದು ಕಡೆ ಓಡಿದರೆ ತಳಮೈ ಇನ್ನೊಂದು ಕಡೆ ಓಡುತ್ತದೆ. ಹಾಗಾಗಿ ಎರಡೂ ತುದಿಯಲ್ಲಿ ಹಲಗೆಯಷ್ಟು ಉದ್ದದ ಜಾಗದ ಜೊತೆಗೆ ನೀವು ನಿಲ್ಲುವಷ್ಟು ಜಾಗವೂ ಖಾಲಿ ಬೇಕು. ಒಂದು ತುದಿ ಗೋಡೆಗೆ ತಾಗಿದರೆ ಕೆಲಸವಾಗದು.

ಇನ್ನು ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ. ಒಂದು ಮೀಟರಿನ ಸ್ಟೀಲ್ ಸ್ಟ್ರೇಟ್‌ಎಡ್ಜ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು), ವರ್ನಿಯರ್, ಮೂಲೆಮಟ್ಟ ಹಿಡಿದುಕೊಂಡೇ ಹೋಗಿ. ಮಾರುವವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ಮೊದಲು ಪ್ಲಗ್ ಕಿತ್ತಿಡಿ. ಮರ ಒಳಹೋಗುವ ಟೇಬಲ್ಲನ್ನು ಹೊರಬರುವ ಟೇಬಲ್ಲಿನ ಮಟ್ಟಕ್ಕೆ ಏರಿಸಿ. ಸ್ಟ್ರೇಟ್‌ಎಡ್ಜನ್ನು ಎರಡರ ಮೇಲೂ ಬರುವಂತೆ ಹಿಂಬದಿಯಲ್ಲಿ, ಮುಂಬದಿಯಲ್ಲಿ, ಆಮೇಲೆ ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಬೆಳಕು ಎಲ್ಲಿ ತೂರುತ್ತದೆ ನೋಡಿ. 0.1 ಮಿ.ಮೀ. ಗೇಜ್ ಹೋಗಬಾರದು. ಈಗ ಟೇಬಲ್ಲುಗಳನ್ನು ಎತ್ತಿ, ಮತ್ತೆ ಇಳಿಸಿ, ಲಾಕ್ ಮಾಡಿ, ಅದೇ ಅಳತೆ ಮತ್ತೆ ತೆಗೆಯಿರಿ. ಹೀಗೆ ನಾಲ್ಕೈದು ಸಲ. ದಪ್ಪಕ್ಕೆ ಕೀಸುವಾಗಲೆಲ್ಲ ಟೇಬಲ್ ಎತ್ತಲೇಬೇಕು; ಕಾಂಬಿ ಮಷೀನಿನ ಹಣೆಬರಹ ಇರುವುದು ಅದನ್ನು ಎತ್ತುವ ಹಿಂಜಿನಲ್ಲಿ. ಪ್ರತಿಸಲ ಬೇರೆ ಅಳತೆ ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ತಪ್ಪಾಗಿದ್ದರೂ ಒಂದೇ ಸಮ ತಪ್ಪಾಗಿದ್ದರೆ ಬೋಲ್ಟ್ ತಿರುಗಿಸಿ ಸರಿಪಡಿಸಬಹುದು.

ಬ್ಲೇಡಿನ ಮಟ್ಟಕ್ಕೆ ನೇರವಾದ ಮರದ ಪಟ್ಟಿಯೊಂದು ಸಾಕು. ಅದನ್ನು ಹೊರಬರುವ ಟೇಬಲ್ಲಿನಲ್ಲಿಟ್ಟು ಬ್ಲಾಕಿನ ಮೇಲೆ ಚಾಚಿ, ಬ್ಲಾಕನ್ನು ಕೈಯಿಂದ ನಿಧಾನ ತಿರುಗಿಸಿ. ಪ್ರತಿ ಬ್ಲೇಡೂ ಪಟ್ಟಿಯನ್ನು 3–4 ಮಿ.ಮೀ. ಎಳೆದೊಯ್ಯಬೇಕು, ಎರಡೂ ತುದಿಯಲ್ಲಿ ಅಷ್ಟೇ ಎಳೆಯಬೇಕು. ಟೇಬಲ್ ತಗ್ಗಿದ್ದರೆ ಹಲಗೆಯ ಕೊನೆಯಲ್ಲಿ ಗುಳಿ ಬೀಳುತ್ತದೆ. ಎತ್ತರವಿದ್ದರೆ ಹಲಗೆಯ ಮುಂತುದಿ ಟೇಬಲ್ಲಿಗೆ ಹೋಗಿ ಬಡಿಯುತ್ತದೆ.

ಥಿಕ್ನೆಸರ್ ಪರೀಕ್ಷೆಗೆ ಎರಡು ಅಡಿಯ ಎರಡು ಪಟ್ಟಿಗಳನ್ನು ಒಂದು ಎಡತುದಿಯಲ್ಲಿ, ಇನ್ನೊಂದು ಬಲತುದಿಯಲ್ಲಿ, ಅದೇ ಎತ್ತರದಲ್ಲಿ ತೂರಿಸಿ ವರ್ನಿಯರಿನಲ್ಲಿ ಅಳೆಯಿರಿ. 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಳಗಿನ ಬೆಡ್ ವಾಲಿದೆ. ಅದನ್ನು ಹೊಂದಿಸುವ ವ್ಯವಸ್ಥೆ ಇದೆಯೇ ಎಂದು ಅಲ್ಲೇ ತೋರಿಸಿಕೊಳ್ಳಿ. ಕೊನೆಗೆ ಫೆನ್ಸ್, ಅಂದರೆ ಅಂಚು ಕೀಸುವಾಗ ಹಲಗೆ ಒರಗಿಸುವ ನೇರ ತಡೆ: ತುದಿಯನ್ನು ಕೈಯಿಂದ ನೂಕಿದರೆ ಬಾಗಬಾರದು.

ಬ್ಲಾಕ್ ದುಂಡಗಿರಲೇಬೇಕು. ಹಳೆಯ ಮಷೀನುಗಳಲ್ಲಿ ಸಿಗುವ ಚೌಕ ಬ್ಲಾಕ್ ಬೆರಳನ್ನು ಒಳಗೆಳೆದುಕೊಳ್ಳುತ್ತದೆ. ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಬಂತೆಂದು ತರಬೇಡಿ. ಬ್ಲೇಡ್ ಎರಡೋ ಮೂರೋ ಎಂಬುದು ನುಣುಪಿನ ಪ್ರಶ್ನೆ. 5,000 ಆರ್‌ಪಿಎಂ, ಮೂರು ಬ್ಲೇಡ್, ನಿಮಿಷಕ್ಕೆ 7 ಮೀಟರ್ ಫೀಡ್ (ಮರ ಸಾಗುವ ವೇಗ) ಇದ್ದರೆ ಒಂದು ಕಡಿತಕ್ಕೂ ಮುಂದಿನದಕ್ಕೂ ಸುಮಾರು 0.47 ಮಿ.ಮೀ. ಅಂತರ. 4,000 ಆರ್‌ಪಿಎಂ, ಎರಡು ಬ್ಲೇಡ್ ಆದರೆ ಅದು 0.87ಕ್ಕೆ ಏರುತ್ತದೆ, ಪಾಲಿಶ್ ಹೊಡೆದ ಮೇಲೆ ಅಲೆಯಲೆಯಾಗಿ ಕಾಣುತ್ತದೆ.

ಕಾರ್ಬೈಡ್ ತುಂಡುಗಳ ಸ್ಪೈರಲ್ ಬ್ಲಾಕಿಗೆ ದುಡ್ಡು ಹೆಚ್ಚು. ಆದರೆ ನಮ್ಮಲ್ಲಿ ಬರುವ ಮರ ನೋಡಿ ನಿರ್ಧರಿಸಿ. ತೇಗದಲ್ಲಿ ಸಿಲಿಕಾ ಇದೆ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡ್ ಬೇಗ ಮೊಂಡಾಗುತ್ತದೆ. ಕಿರಾಲ್‌ಬೋಗಿಯ ಗಟ್ಟಿತನ ಹೇಳಬೇಕಾಗಿಲ್ಲ. ಹಳೆಯ ಹಂಚಿನ ಮನೆ ಕಿತ್ತ ಪಕ್ಕಾಸು, ತೊಲೆಗಳನ್ನು ಕೀಸುವವರಿಗಂತೂ ಒಳಗೆ ಮುರಿದುಳಿದ ಮೊಳೆಯೇ ಶತ್ರು. ಉದ್ದ ಬ್ಲೇಡಿಗೆ ಮೊಳೆ ತಾಗಿದರೆ ಮೂರನ್ನೂ ಬಿಚ್ಚಿ ಸಾಣೆಗೆ ಕೊಡಬೇಕು. ಸ್ಪೈರಲ್‌ನಲ್ಲಿ ಹಾಳಾದ ತುಂಡನ್ನು ಮಾತ್ರ ತಿರುಗಿಸಿದರೆ ಹೊಸ ಅಂಚು. ಒಂದು ತುಂಡಿಗೆ ನಾಲ್ಕು ಅಂಚು. ಅದಿದ್ದರೂ ಹಳೆ ಮರಕ್ಕೆ ಮೆಟಲ್ ಡಿಟೆಕ್ಟರ್ ಹಿಡಿಯದೆ ಮಷೀನಿಗೆ ಹಾಕಬಾರದು. ಹೊಸ ಮರ, ಮೆದು ಮರವೇ ಹೆಚ್ಚಿದ್ದರೆ ಮೂರು ಬ್ಲೇಡಿನದ್ದೇ ಸಾಕು, ಒಂದು ಜೊತೆ ಹೆಚ್ಚುವರಿ ಇಟ್ಟುಕೊಳ್ಳಿ.

ಕರೆಂಟ್ ವಿಷಯಕ್ಕೆ ಬಂದರೆ, 12 ಇಂಚಿಗೆ 3 ಎಚ್‌ಪಿ ಬೇಕು. ಸಿಂಗಲ್ ಫೇಸಿನಲ್ಲಿ ಅದು ಪೂರ್ತಿ ಹೊರೆಯಲ್ಲಿ 14–15 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಹಲವು ಪಟ್ಟು. ಮನೆಯ 16 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಮೀಟರ್ ಬೋರ್ಡಿನಿಂದ 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ವೈರ್, ಡಿ ಕರ್ವ್ ಎಂಸಿಬಿ (ಸ್ಟಾರ್ಟ್ ಆಗುವಾಗಿನ ಹೆಚ್ಚು ಕರೆಂಟಿಗೆ ಸುಮ್ಮನೆ ಬೀಳದ ಬ್ರೇಕರ್) ಹಾಕಿಸಿ. ಸಂಜೆ ಹೊತ್ತು ವೋಲ್ಟೇಜ್ ಅಳೆದು ನೋಡಿ. 230ರ ಬದಲು 190 ಬಂದರೆ ಮೋಟಾರಿನ ಟಾರ್ಕ್ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕುಸಿಯುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ. ಮೆಸ್ಕಾಂನಿಂದ ತ್ರೀ ಫೇಸ್ ಸಿಗುವಂತಿದ್ದರೆ ಅದನ್ನೇ ಪಡೆದು ತ್ರೀ ಫೇಸ್ ಮೋಟಾರ್ ಕೊಳ್ಳಿ. ಸ್ವಿಚ್ ಆರಿಸಿದ ಮೇಲೆ ಬ್ಲಾಕ್ 10 ಸೆಕೆಂಡಿನೊಳಗೆ ನಿಂತರೆ ಒಳ್ಳೆಯ ಬ್ರೇಕ್.

ಮರದ ಹುಡಿ ಎಳೆಯುವ 2 ಎಚ್‌ಪಿ ಡಸ್ಟ್ ಕಲೆಕ್ಟರನ್ನು ಮಷೀನಿನ ಬೆಲೆಯೊಳಗೇ ಲೆಕ್ಕ ಹಾಕಿ. ಅದಿಲ್ಲದೆ ಥಿಕ್ನೆಸ್ ಮಾಡಿದರೆ ಹೊಟ್ಟು ಹುಡ್ಡಿನಲ್ಲಿ (ಬ್ಲಾಕಿಗೆ ಹೊದಿಸಿದ, ಹೊಟ್ಟು ಎಳೆಯುವ ಮುಚ್ಚಳ) ಕಟ್ಟಿಕೊಂಡು, ರೋಲರಿನಡಿ ಸಿಕ್ಕಿ, ಕೀಸಿದ ಮುಖಕ್ಕೇ ಅಚ್ಚೊತ್ತುತ್ತದೆ.

ಕೆಲಸ ಜೋಡಿಸಿಕೊಳ್ಳುವ ಬಗೆ ಹೀಗೆ: ಎಲ್ಲ ಹಲಗೆಗಳ ಮುಖ, ಅಂಚು ಮೊದಲು ಮುಗಿಸಿ, ಫೆನ್ಸ್ ತೆಗೆದು, ಟೇಬಲ್ ಎತ್ತಿ, ಹುಡ್ ತಿರುಗಿಸಿ, ಆಮೇಲೆ ಎಲ್ಲವನ್ನೂ ದಪ್ಪಕ್ಕೆ ತನ್ನಿ. ಬದಲಿಸಲು ಎರಡು ಮೂರು ನಿಮಿಷ ಬೇಕು; ಒಂದೊಂದು ಹಲಗೆಗೂ ಬದಲಿಸಿದರೆ ದಿನವೇ ಹೋಗುತ್ತದೆ. ಒಂದು ಸಲಕ್ಕೆ ಒಂದು ಮಿ.ಮೀ., ಅಗಲದ ಗಟ್ಟಿ ಮರಕ್ಕೆ ಅರ್ಧ. ಒಂದಡಿಗಿಂತ ಗಿಡ್ಡ ತುಂಡನ್ನು ಹಾಕಬೇಡಿ, ರೋಲರಿನಿಂದ ರೋಲರಿಗೆ ದಾಟುವ ಮೊದಲೇ ಅದು ಸಡಿಲವಾಗಿ ಹಿಂದಕ್ಕೆ ಚಿಮ್ಮೀತು. ಕೈಗವಸು ಬೇಡ, ಗಾರ್ಡ್ ಬಿಚ್ಚಬೇಡಿ, ನೂಕಲು ಮರದ ಪುಶ್ ಬ್ಲಾಕ್ ಇರಲಿ.

ಮಳೆಗಾಲದಲ್ಲಿ ಎರಕದ ಟೇಬಲ್ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ, ಕಡಲ ಹತ್ತಿರ ಇನ್ನೂ ಬೇಗ. ಕೆಲಸ ಮುಗಿದ ಮೇಲೆ ಒರೆಸಿ ಪೇಸ್ಟ್ ವ್ಯಾಕ್ಸ್ ಉಜ್ಜಿ, ಹತ್ತಿಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ. ಸಿಲಿಕೋನ್ ಸ್ಪ್ರೇ ಬೇಡ, ಅದು ಮರಕ್ಕೆ ಹತ್ತಿ ಪಾಲಿಶ್ ಹಿಡಿಯದಂತೆ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೀಸುವ ಮರವನ್ನು 3 ಮಿ.ಮೀ. ಹೆಚ್ಚು ದಪ್ಪಕ್ಕೇ ನಿಲ್ಲಿಸಿ, ನಡುವೆ ರೀಪು ಕೊಟ್ಟು ವಾರವಿಡೀ ಗಾಳಿಗೆ ಅಟ್ಟಿ ಹಾಕಿ, ಆಮೇಲೆ ಕೊನೆಯ ಅಳತೆಗೆ ತನ್ನಿ.