ಬೇರಿಂಗ್ ಕೂರೋ ಜಾಗ ಟರ್ನ್ ಮಾಡೋದು, ನನ್ನ ಅನುಭವ

ದಾವಣಗೆರೇಲಿ ನಮ್ದು ಜಾಬ್‌ವರ್ಕ್ ಲೇತ್ ಶಾಪು, ಅಂದ್ರೆ ಜಾಬ್ (ಮಾಡ್ತಿರೋ ಪಾರ್ಟು) ತಿರುಗಿಸಿ ಟೂಲಿಂದ ಕಡಿದು ಅಳತೆಗೆ ತರೋದು, ಅದನ್ನೇ ಟರ್ನ್ ಮಾಡೋದು ಅಂತೀವಿ. ಅಕ್ಕಿ ಗಿರಣಿಯೋರು, ಮೆಕ್ಕೆಜೋಳದ ಮಷಿನ್ ಇಟ್ಟೋರು ಹಳೇ ಶಾಫ್ಟ್ ತಂದು ಕೆಳಗಿಟ್ಟು "ಅಣ್ಣ, ಇದೇ ಥರ ಒಂದು ಮಾಡ್ಕೊಡ್ರಿ, ನಾಳೆ ಮಷಿನ್ ಓಡ್ಬೇಕು" ಅಂತಾರೆ. ಆದ್ರೆ ಅದೇ ಥರ ಮಾಡಿದ್ರೆ ಕೆಲಸ ಕೆಟ್ಟಂಗೇ, ಯಾಕಂದ್ರೆ ಅವರು ತಂದಿರೋದೇ ಸವೆದಿರೋ ಶಾಫ್ಟು, ಬೇರಿಂಗ್ ಕೂರೋ ಜಾಗದಲ್ಲಿ ಅಳತೆ ಹಿಡಿದ್ರೆ 39.9 ಎಂಎಂ ಬರುತ್ತೆ, ಅದನ್ನ ನೋಡಿ ಟರ್ನ್ ಮಾಡಿದ್ರೆ ಹೊಸ ಶಾಫ್ಟಲ್ಲೂ ಬೇರಿಂಗ್ ಲೂಸು. ಅದಕ್ಕೆ ನಾನು ಮೊದಲು ಕೇಳೋದು ಬೇರಿಂಗ್ ನಂಬರ್. 6308 ಅಂದ್ರೆ ಒಳಗಿನ ತೂತು 40 ಎಂಎಂ, ಹೊರಗೆ 90, ದಪ್ಪ 23. ಶಾಫ್ಟ್ ತಿರುಗೋ ಕೆಲಸಕ್ಕೆ ಸಾಮಾನ್ಯವಾಗಿ ಕೆ6 ಫಿಟ್ (ಬೇರಿಂಗ್ ಬಿಗಿಯಾಗಿ ಕೂರೋ ಅಳತೆ) ಇಡ್ತೀನಿ, ಅಂದ್ರೆ 40.002 ರಿಂದ 40.018 ಒಳಗೆ ಬರ್ಬೇಕು. ಇರೋ ಜಾಗ ಬರೀ 16 ಮೈಕ್ರಾನ್ (ಒಂದು ಎಂಎಂನ ಸಾವಿರದಲ್ಲಿ ಒಂದು ಭಾಗ ಅಂದ್ರೆ ಒಂದು ಮೈಕ್ರಾನ್).

ಮೆಟೀರಿಯಲ್ ಇಎನ್ 8, ಶಾಫ್ಟಿಗೆ ಬಳಸೋ ಒಂದು ಥರದ ಸ್ಟೀಲು. ಎರಡೂ ತುದಿಗೆ ಸೆಂಟರ್ ಡ್ರಿಲ್ ಹಾಕಿ (ನಡುವೆ ಸಣ್ಣ ಗುಳಿ), ಎರಡು ಸೆಂಟರ್ (ಆ ಗುಳೀಲಿ ಕೂರೋ ಮೊನೆ) ಮಧ್ಯೆ ಕ್ಯಾರಿಯರ್ (ಶಾಫ್ಟನ್ನ ತಿರುಗಿಸೋ ಹಿಡಿ) ಕಟ್ಟಿ ಫಿನಿಶ್ ಮಾಡ್ತೀನಿ, ಮೂರು ಜಾ (ಹಿಡಿಯೋ ಹಲ್ಲು) ಚಕ್‌ನಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ಹಿಡಿದ್ರೆ ಆ ಕಡೆ ಸೀಟು (ಬೇರಿಂಗ್ ಕೂರೋ ಜಾಗ) ಈ ಕಡೆ ಸೀಟು ಒಂದೇ ಲೈನಲ್ಲಿ ಬರೋದು ಕಷ್ಟ. ನಮ್ಮತ್ರ ಇರೋದು ಹರಿಹರದ ಹಳೇ ಕಿರ್ಲೋಸ್ಕರ್ ಲೇತು, ಚೆನ್ನಾಗಿ ನೋಡ್ಕೊಂಡ್ರೆ ಇವತ್ತಿಗೂ ಅದರಲ್ಲಿ ಈ ಅಳತೆ ಹಿಡೀಬಹುದು.

ಕೊನೇ ಅರ್ಧ ಎಂಎಂ ಉಳಿದಾಗ ನಾನು ಒಂದೇ ಸಲ ಸೈಜಿಗೆ ಹೋಗಲ್ಲ. ಸಮ ಸಮ ಎರಡು ಕಟ್ ಮಾಡ್ತೀನಿ, ಸ್ಪೀಡು ಫೀಡು ಎರಡೂ ಅದೇ. ಮೊದಲ್ನೇ ಕಟ್ ಆದ್ಮೇಲೆ ಮೈಕ್ರೋಮೀಟರ್ ಹಿಡಿದ್ರೆ ಡಯಲಲ್ಲಿ ಕೊಟ್ಟಿದ್ದೆಷ್ಟು, ನಿಜವಾಗಿ ಕಡಿದಿದ್ದೆಷ್ಟು ಅಂತ ತಿಳಿಯುತ್ತೆ, ಎರಡನೇ ಕಟ್‌ನಲ್ಲೂ ಟೂಲು ಜಾಬು ಹೆಚ್ಚುಕಡಿಮೆ ಅಷ್ಟೇ ಬಗ್ಗುತ್ತೆ, ಹಂಗಾಗಿ ಲೆಕ್ಕ ತಪ್ಪಲ್ಲ. ಮೊದಲ್ನೇ ಕಟ್ ತೆಳ್ಳಗೆ, ಎರಡನೇದು ದಪ್ಪ ಮಾಡಿದ್ರೆ ಈ ಲೆಕ್ಕ ನಡಿಯಲ್ಲ.

ಇನ್ನೊಂದು, ನಮ್ಮೂರಿನ ಬೇಸಿಗೇಲಿ ಇದು ಬಾಳ ಮುಖ್ಯ, ಬಿಸಿ ಇರೋ ಜಾಬ್ ಅಳೀಬೇಡಿ. ಟರ್ನ್ ಆದ ತಕ್ಷಣ ಶಾಫ್ಟು ಮೈಕ್ರೋಮೀಟರ್‌ಗಿಂತ 20 ಡಿಗ್ರಿ ಬಿಸಿ ಇದ್ರೆ 40 ಎಂಎಂ ಸ್ಟೀಲು ಸುಮಾರು 9 ಮೈಕ್ರಾನ್ ಹಿಗ್ಗಿರುತ್ತೆ, ಅಲ್ಲಿಗೆ ನಮ್ಮ 16 ರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯ್ತು. ಪಾರ್ಟಿ ಬಾಗ್ಲಲ್ಲಿ ನಿಂತು ಅರ್ಜೆಂಟ್ ಮಾಡ್ಲಿ ಬಿಡ್ರಿ, ಕೂಲೆಂಟ್ ಬಿಟ್ಟು ತಣ್ಣಗಾದ್ಮೇಲೇ ಕೊನೇ ಅಳತೆ.

ಸವೆದಿರೋ ಸೀಟಿಗೆ ಪಂಚ್ ಹೊಡೆದು ಗುಬುಟು ಎಬ್ಬಿಸಿ ಬೇರಿಂಗ್ ಟೈಟ್ ಮಾಡೋರಿದಾರೆ. ನಾನದನ್ನ ಮಾಡಲ್ಲ, ಕೇಳಿದ್ರೂ ಮಾಡಲ್ಲ. ಆ ಗುಬುಟು ಬೇಗ ಚಪ್ಪಟೆ ಆಗಿ ಒಳಗಿನ ರಿಂಗು ಶಾಫ್ಟ್ ಮೇಲೆ ಜಾರೋಕೆ ಶುರು ಮಾಡುತ್ತೆ, ಮಿಲ್ಲು ಸೀಸನ್ ಮಧ್ಯೆ ನಿಲ್ಲುತ್ತೆ.

ಶೋಲ್ಡರ್ (ಬೇರಿಂಗ್ ಒರಗೋ ಮೆಟ್ಟಿಲು) ಮೂಲೇನ ಚೂಪಾಗಿ ಬಿಟ್ರೆ ಕ್ರ್ಯಾಕ್ ಅಲ್ಲಿಂದಾನೇ ಶುರು ಆಗೋದು. ಹಂಗಂತ ದೊಡ್ಡ ರೇಡಿಯಸ್ (ಮೂಲೆಯ ದುಂಡು) ಕೊಟ್ರೆ ಬೇರಿಂಗ್ ಪೂರ್ತಿ ಒಳಗೆ ಕೂರಲ್ಲ. 6308ಕ್ಕೆ ನಾನು ಟೂಲ್ ಮೂತಿ 1 ಎಂಎಂ ರೇಡಿಯಸ್ ಉಜ್ಜಿ ಇಟ್ಕೊಂಡಿರ್ತೀನಿ.

ಕೂರಿಸೋವಾಗ ಒಳಗಿನ ರಿಂಗಿಗೆ ಮಾತ್ರ ತಾಗೋ ಪೈಪ್ ಇಟ್ಟು ಒತ್ತಿ. ಹೊರಗಿನ ರಿಂಗಿಗೆ ಸುತ್ತಿಗೇಲಿ ಹೊಡೆದ್ರೆ ಪೆಟ್ಟು ಬಾಲ್ ಮೂಲಕ ಹೋಗಿ ಟ್ರ್ಯಾಕ್‌ನಲ್ಲಿ ಗುಳಿ ಬೀಳುತ್ತೆ, ಇಷ್ಟೆಲ್ಲಾ ಮೈಕ್ರಾನ್ ಹಿಡಿದು ಮಾಡಿದ ಶಾಫ್ಟಲ್ಲಿ ಮೊದಲ ದಿನವೇ ಬೇರಿಂಗ್ ಸದ್ದು ಮಾಡುತ್ತೆ.