ಮೊದಲು ಹೊಲದ ನಂಬರ್, ಆಮೇಲೆ ಅಜ್ಜನ ಹೆಸರು: ವಿಮ್ಮೆರಾದ ಮನೆತನಗಳನ್ನು ಹುಡುಕಿದ ನನ್ನ ಅನುಭವ

ಹಾರ್ಶಮ್‌ಗೆ ಬಂದ ಎರಡನೇ ವರ್ಷ ಒಬ್ಬ ಅಜ್ಜಿ ನನ್ನ ಮುಂದೆ ಬಿಸ್ಕತ್ತಿನ ತಗಡಿನ ಡಬ್ಬಿ ಇಟ್ಟರು. ಒಳಗೆ ಬಿಸ್ಕತ್ತು ಇರಲಿಲ್ಲ. ಕೆಲವು ಹಳೆಯ ಫೋಟೊ, ಜರ್ಮನ್ ಬೈಬಲ್‌ನ ಅರ್ಧ ಹರಿದ ಹಾಳೆ, ಯಾವುದೋ ಕಾಲದ ತೆರಿಗೆ ರಸೀದಿ ಇದ್ದವು. "ನಮ್ಮ ಮನೆತನದ ಕಥೆ ಬರೆದುಕೊಡುತ್ತೀಯಾ?" ಎಂದು ಕೇಳಿದರು.

ನಾನು ಇತಿಹಾಸ ಓದಿಲ್ಲ. ಧಾರವಾಡದಲ್ಲಿ ಕೃಷಿ ಓದಿ, ಬೇಳೆಕಾಳಿನ ಕೆಲಸಕ್ಕೆಂದು ಈ ಊರಿಗೆ ಬಂದೆ. ಹಾರ್ಶಮ್ ಇರುವುದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್‌ನಿಂದ ಸುಮಾರು 300 ಕಿಲೋಮೀಟರ್ ವಾಯವ್ಯಕ್ಕೆ. ಈ ಸೀಮೆಗೆ ವಿಮ್ಮೆರಾ ಎಂದು ಹೆಸರು. ಗೋಧಿ, ಬಾರ್ಲಿ, ಮಸೂರ, ಕಡಲೆ ಬೆಳೆಯುವ ಮಟ್ಟಸವಾದ ನೆಲ. ಕೆಲವು ಕಡೆ ನಮ್ಮ ಎರೆ ಹೊಲದ ಹಾಗೆಯೇ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಶನಿವಾರ ಊರಿನ ಇತಿಹಾಸ ಸಂಘಕ್ಕೆ ಹೋಗಿ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಕೊಡುತ್ತಿದ್ದೆ. ಅಜ್ಜಿ ನನ್ನನ್ನು ನೋಡಿದ್ದು ಅಲ್ಲೇ.

ಇಲ್ಲಿ ಎಂಬತ್ತು ದಾಟಿದವರನ್ನೂ ಹೆಸರು ಹಿಡಿದು ಕರೆಯುವುದು ವಾಡಿಕೆ. ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಹಾಗಾಗಿ ಇಲ್ಲಿ ಅಜ್ಜಿ ಎಂದೇ ಬರೆಯುತ್ತೇನೆ.

"ಬೇರೆಯವರ ವಂಶಾವಳಿ ನಿನಗ್ಯಾಕೆ?" ಎಂದು ಊರಿಂದ ಅಮ್ಮ ಫೋನಿನಲ್ಲಿ ಕೇಳಿದಳು. ನನಗೆ ತಕ್ಷಣ ನೆನಪಾದದ್ದು ಹೆಳವರು. ಚಿಕ್ಕಂದಿನಲ್ಲಿ ಕೆಲವು ವರ್ಷಕ್ಕೊಮ್ಮೆ ಅವರು ಎತ್ತು ಹೊಡೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು, "ನಿಮ್ಮ ಹಿರಿಯರು ಇಂಥ ಊರಿಂದ ಎದ್ದು ಬಂದರು" ಎಂದು ಶುರು ಮಾಡಿದರೆ ಮನೆ ಮಂದಿಯೆಲ್ಲ ಸುಮ್ಮನಾಗುತ್ತಿದ್ದರು. ಯಾರ ಮಗ ಯಾರು, ಯಾರಿಗೆ ಮಕ್ಕಳಾಗಲಿಲ್ಲ, ಯಾರು ಬೇರೆ ಹೋದರು, ಎಲ್ಲ ಹೇಳುತ್ತಿದ್ದರು. ನಮ್ಮ ಅಜ್ಜ ಜೋಳ ಅಳೆದು ಕೊಡುತ್ತಿದ್ದರು. ಈ ಊರಿನವರಿಗೆ ಹಾಗೆ ಹೇಳುವವರು ಯಾರೂ ಇಲ್ಲ. ಇವರ ಹೆಳವ ಎಂದರೆ ಸರ್ಕಾರದ ಫೈಲು.

ಅದು ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಎಲ್ಲರ ಹಾಗೆ ನಾನೂ ಹೆಸರಿನಿಂದ ಶುರು ಮಾಡಿದ್ದೆ. ಅಜ್ಜಿಯ ಮುತ್ತಜ್ಜನ ಹೆಸರು ಹಾಕಿ ಹಡಗಿನ ಪಟ್ಟಿ ಹುಡುಕಿದೆ, ಮದುವೆ ದಾಖಲೆ ಹುಡುಕಿದೆ, ಒಂದು ಚೆಂದದ ವಂಶವೃಕ್ಷ ಬರೆದೆ. ಆಮೇಲೆ ಗೊತ್ತಾಯಿತು, ಅದೇ ಹೆಸರಿನ ಇಬ್ಬರು ಇದ್ದರು. ಅಣ್ಣ ತಮ್ಮಂದಿರ ಮಕ್ಕಳು. ಅಕ್ಕಪಕ್ಕದ ಹೊಲ. ಇಬ್ಬರ ಹೆಂಡತಿಯರ ಹೆಸರೂ ಒಂದೇ. ನಾನು ಒಬ್ಬನ ಹೆಂಡತಿಗೆ ಇನ್ನೊಬ್ಬನ ಮಕ್ಕಳನ್ನು ಕೊಟ್ಟುಬಿಟ್ಟಿದ್ದೆ. ಪೂರಾ ಹರಿದು ಹಾಕಿ ಮತ್ತೆ ಕೂತೆ.

ಆಗ ಹೊಳೆದದ್ದು ಊರಿನ ಬುದ್ಧಿ. ನಮ್ಮಲ್ಲಿ ಜಮೀನಿನ ವ್ಯಾಜ್ಯ ಬಂದರೆ ಹೆಸರು ಯಾರು ನೋಡುತ್ತಾರೆ? ಸರ್ವೆ ನಂಬರ್ ಹಿಡಿದು ಉತಾರ ತೆಗೆಸುತ್ತೇವೆ. ಹೆಸರು ಎರಡಿರಬಹುದು, ಹೊಲ ಒಂದೇ ಅಲ್ವಾ? ಇಲ್ಲಿಯೂ ಹಾಗೆಯೇ. ಪ್ಯಾರಿಷ್ ಎಂಬುದು ನಮ್ಮ ಹೋಬಳಿ ಇದ್ದ ಹಾಗೆ, ಅದರೊಳಗೆ ಪ್ರತಿ ಹೊಲಕ್ಕೆ ಅಲಾಟ್‌ಮೆಂಟ್ ನಂಬರ್. ಪ್ಯಾರಿಷ್ ನಕ್ಷೆಯಲ್ಲಿ ನಂಬರಿನ ಜೊತೆ ಮೊದಲು ಕೊಂಡವನ ಹೆಸರೂ ಅಚ್ಚಾಗಿರುತ್ತದೆ. ಅಜ್ಜಿಯ ರಸೀದಿಯಲ್ಲಿ ಆ ನಂಬರ್ ಇತ್ತು. ಮೊದಲ ದಿನದಿಂದಲೂ ನನ್ನ ಕಣ್ಣ ಮುಂದೆಯೇ ಇತ್ತು.

ಇದರ ಹಿಂದಿನ ಕಾನೂನು ತಿಳಿಯದಿದ್ದರೆ ಫೈಲು ಅರ್ಥವಾಗುವುದಿಲ್ಲ. 1836ರಲ್ಲಿ ಥಾಮಸ್ ಮಿಚೆಲ್ ಎಂಬ ಸರ್ವೇಯರ್ ಈ ಸೀಮೆ ಹಾದುಹೋದ. ಅವನ ಹಿಂದೆಯೇ 1840ರ ದಶಕದಲ್ಲಿ ಕುರಿ ಹಿಂಡು ಹೊಡೆದುಕೊಂಡು ಸ್ಕ್ವಾಟರ್‌ಗಳು ಬಂದು ದೊಡ್ಡ ದೊಡ್ಡ ಹುಲ್ಲುಗಾವಲು ಹಿಡಿದರು. ಸಣ್ಣ ರೈತರಿಗೆ ನಿಜವಾಗಿ ದಾರಿ ತೆರೆದದ್ದು 1869ರ ಭೂ ಕಾಯ್ದೆ. ಒಬ್ಬರಿಗೆ 320 ಎಕರೆವರೆಗೆ. ಮೊದಲ ಮೂರು ವರ್ಷ ಲೈಸೆನ್ಸ್, ಎಕರೆಗೆ ವರ್ಷಕ್ಕೆ 2 ಶಿಲ್ಲಿಂಗ್. ಆಮೇಲೆ ಉಳಿದ 14 ಶಿಲ್ಲಿಂಗನ್ನು ಒಟ್ಟಿಗೆ ಕಟ್ಟಬೇಕು, ಇಲ್ಲವೇ ಏಳು ವರ್ಷದ ಗುತ್ತಿಗೆಯಲ್ಲಿ ತೀರಿಸಬೇಕು. ಅಂದರೆ ಎಕರೆಗೆ ಒಟ್ಟು 20 ಶಿಲ್ಲಿಂಗ್, ಒಂದು ಪೌಂಡ್. ದುಡ್ಡು ಕಟ್ಟಿದರೆ ಸಾಲದು. ಅಲ್ಲೇ ವಾಸ ಇರಬೇಕು, ಬೇಲಿ ಹಾಕಬೇಕು, ಹತ್ತರಲ್ಲಿ ಒಂದು ಪಾಲು ಉಳಬೇಕು, ಎಕರೆಗೆ ಒಂದು ಪೌಂಡ್ ಬೆಲೆಯ ಸುಧಾರಣೆ ಮಾಡಿ ತೋರಿಸಬೇಕು. ಹೀಗೆ ಬಂದವರನ್ನೇ ಸೆಲೆಕ್ಟರ್ ಎನ್ನುತ್ತಾರೆ.

ಮಾಡಿ ತೋರಿಸಬೇಕು ಎಂದ ಮೇಲೆ ಕಾಗದ ಹುಟ್ಟುತ್ತದೆ. ಆ ಕಾಗದಗಳು ಮೆಲ್ಬರ್ನ್‌ನ ಪಬ್ಲಿಕ್ ರೆಕಾರ್ಡ್ ಆಫೀಸ್‌ನಲ್ಲಿವೆ. 1869ರ ಕಾಯ್ದೆಯ ಫೈಲುಗಳಿಗೆ ವಿ.ಪಿ.ಆರ್.ಎಸ್. 625 ಎಂಬ ಸರಣಿ. ಮೊದಲೇ ಬರೆದು ತರಿಸಿಟ್ಟುಕೊಳ್ಳಬೇಕು. ನಾನು ನಸುಕಿನಲ್ಲಿ ಕಾರು ಹತ್ತಿ ಹೋಗಿ, ಇಡೀ ದಿನ ಕೂತು, ಪ್ರತಿ ಹಾಳೆಯ ಫೋಟೊ ತೆಗೆದುಕೊಂಡು ರಾತ್ರಿ ವಾಪಸ್ ಬರುತ್ತಿದ್ದೆ. ಅಲ್ಲೇ ಓದುತ್ತ ಕೂರಬೇಡಿ. ಫೋಟೊ ತೆಗೆಯಿರಿ, ಮನೆಯಲ್ಲಿ ನಿಧಾನವಾಗಿ ಓದಿ. ಹಾಳೆಯ ಹಿಂಬದಿಯನ್ನೂ ಬಿಡಬೇಡಿ. ಅಧಿಕಾರಿಗಳು ಬರೆದ ಒಳ್ಳೊಳ್ಳೆ ಮಾತೆಲ್ಲ ಹಿಂದೆಯೇ ಇರುತ್ತವೆ.

ಅಜ್ಜಿಯ ಮನೆಯಲ್ಲಿ ಹೇಳುತ್ತ ಬಂದ ಕಥೆ ಇದು: ಮುತ್ತಜ್ಜ ಒಬ್ಬನೇ ಬಂದ, ಒಬ್ಬನೇ ಹೊಲ ಹಸನು ಮಾಡಿದ, ಯಾರ ಹತ್ತಿರವೂ ಸಾಲ ಮಾಡಲಿಲ್ಲ. ಫೈಲು ತೆರೆದರೆ ಬೇರೆಯೇ ಮನುಷ್ಯ ಸಿಕ್ಕ. ಬಾಡಿಗೆ ಕಟ್ಟಲು ಕಾಲಾವಕಾಶ ಕೊಡಿ ಎಂದು ಮೂರು ಪತ್ರ. ಒಮ್ಮೆ ಗೋಧಿಗೆ ತುಕ್ಕು ರೋಗ, ಒಮ್ಮೆ ಮಳೆ ಇಲ್ಲ, ಒಮ್ಮೆ ಮೊಲಗಳ ಕಾಟ. 1859ರಲ್ಲಿ ವಿಕ್ಟೋರಿಯಾದ ಒಬ್ಬ ಜಮೀನ್ದಾರ ಬೇಟೆಗೆಂದು ಇಂಗ್ಲೆಂಡಿನಿಂದ ತರಿಸಿ ಬಿಟ್ಟ ಮೊಲಗಳ ಸಂತಾನ ಅದು. ಮೂರೂ ಪತ್ರಗಳ ಅಕ್ಷರ ಬೇರೆ ಬೇರೆ. ಅವನಿಗೆ ಇಂಗ್ಲಿಷ್ ಬರೆಯಲು ಬರುತ್ತಿರಲಿಲ್ಲ. ಯಾರೋ ನೆರೆಯವರು ಬರೆದುಕೊಟ್ಟಿದ್ದಾರೆ, ಅವನು ಜರ್ಮನ್ ಲಿಪಿಯಲ್ಲಿ ಸಹಿ ಹಾಕಿದ್ದಾನೆ. ಕೊನೆಗೆ ಅಂಗಡಿಯವನ ಹತ್ತಿರ ಸಾಲ. ಪಕ್ಕದ ಹೊಲ ಹೆಂಡತಿಯ ಅಣ್ಣನದು. ಒಬ್ಬನೇ ಬಂದವನಲ್ಲ, ಒಬ್ಬನೇ ಉಳಿದವನೂ ಅಲ್ಲ.

ನನಗೆ ಈ ಮನುಷ್ಯ ಕಥೆಯ ಶೂರನಿಗಿಂತ ಜಾಸ್ತಿ ಹತ್ತಿರ ಎನಿಸಿದ. ಸಾಲದ ಬಡ್ಡಿ, ಮಳೆಗಾಗಿ ಕಾಯುವುದು, ಕಚೇರಿಗೆ ಅರ್ಜಿ ಬರೆಸುವುದು, ಇವನ್ನೆಲ್ಲ ನಮ್ಮ ಮನೆಯಲ್ಲೇ ನೋಡಿದ್ದೇನೆ.

ಅದೇ ಫೈಲಿನಲ್ಲಿ ಒಂದು ಅಚ್ಚಿನ ಫಾರಂ ಇತ್ತು. ಮನೆ ಎಷ್ಟು ಉದ್ದ ಅಗಲ, ಯಾವ ವರ್ಷ ಎಷ್ಟು ಎಕರೆ ಗೋಧಿ, ಬೇಲಿ ಯಾವ ತರಹದ್ದು, ಹೊಂಡ ತೋಡಿಸಿದ್ದಕ್ಕೆ ಎಷ್ಟು ಪೌಂಡ್, ಹೀಗೆ. ಆ ಹೊಂಡದ ಸಾಲನ್ನು ನಾನು ಸುಮ್ನೆ ಓದಿ ಮುಂದೆ ಹೋಗಿದ್ದೆ.

ಆಮೇಲೆ ಮರಣ ಪತ್ರ ತರಿಸಿದೆ. ವಿಕ್ಟೋರಿಯಾದಲ್ಲಿ 1853ರ ಜುಲೈ 1ರಿಂದ ಹುಟ್ಟು, ಸಾವು, ಮದುವೆಗಳನ್ನು ಸರ್ಕಾರವೇ ನೋಂದಾಯಿಸುತ್ತದೆ. ಇಲ್ಲಿನ ಹಳೆಯ ಮರಣ ಪತ್ರದಲ್ಲಿ ಇರುವಷ್ಟು ವಿವರ ಬೇರೆ ಕಡೆ ಸಿಗುವುದು ಕಡಿಮೆ. ಅಪ್ಪ ಅಮ್ಮ ಯಾರು, ಹುಟ್ಟಿದ್ದು ಎಲ್ಲಿ, ಈ ದೇಶಕ್ಕೆ ಬಂದು ಎಷ್ಟು ವರ್ಷ, ಮದುವೆ ಎಲ್ಲಿ, ಎಷ್ಟನೇ ವಯಸ್ಸಿಗೆ, ಮಕ್ಕಳ ಹೆಸರು ಮತ್ತು ವಯಸ್ಸು. ಹೇಳಿದವರು ದುಃಖದಲ್ಲಿರುತ್ತಾರೆ, ತಪ್ಪೂ ಇರುತ್ತವೆ. ಆದರೂ ಒಳ್ಳೆಯ ದಾಖಲೆ. ಬೈಬಲ್‌ನ ಹರಿದ ಹಾಳೆಯಲ್ಲಿ ಏಳು ಮಕ್ಕಳಿದ್ದರು. ಮುತ್ತಜ್ಜನ ಮರಣ ಪತ್ರದಲ್ಲಿ ಎಂಟು. ಬೈಬಲ್ ಹಾಳೆಯಲ್ಲಿ ಇಲ್ಲದ್ದು ಒಂದು ಹುಡುಗ, ಪಕ್ಕದಲ್ಲಿ 'ತೀರಿಕೊಂಡಿದ್ದಾನೆ' ಎಂದಷ್ಟೇ ಇತ್ತು.

ಸಾವಿನ ತನಿಖೆಯ ಫೈಲುಗಳು ವಿ.ಪಿ.ಆರ್.ಎಸ್. 24ರಲ್ಲಿವೆ. ಅಲ್ಲಿ ಅವನು ಸಿಕ್ಕ. ಮೂರು ವರ್ಷದ ಮಗು. ತಾಯಿಯ ಹೇಳಿಕೆ ಒಂದೇ ಪುಟ. ರೊಟ್ಟಿಗೆ ಹಿಟ್ಟು ನಾದುತ್ತಿದ್ದಳಂತೆ, ಮಗು ಬಾಗಿಲ ಹತ್ತಿರ ಆಡುತ್ತಿತ್ತಂತೆ, ಸದ್ದು ನಿಂತಿತಂತೆ. ಮಗು ಮುಳುಗಿದ್ದು ಅದೇ ಹೊಂಡದಲ್ಲಿ. ಒಂದು ಫೈಲಿನಲ್ಲಿ ಅದು ಇಷ್ಟು ಪೌಂಡ್ ಬೆಲೆಯ ಸುಧಾರಣೆ. ಇನ್ನೊಂದರಲ್ಲಿ ಇದು. ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಆ ರಾತ್ರಿ ನಾನು ಬಹಳ ಹೊತ್ತು ಏನೂ ಬರೆಯಲಿಲ್ಲ.

ಅಜ್ಜಿಗೆ ಹೇಳಬೇಕೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ಇಂಥದ್ದನ್ನು ಇಮೇಲ್‌ನಲ್ಲಿ ಕಳಿಸಬಾರದು. ಮನೆಗೆ ಹೋಗಿ, ಎದುರು ಕೂತು, "ಒಂದು ದುಃಖದ ವಿಷಯ ಸಿಕ್ಕಿದೆ, ಓದಲೇ?" ಎಂದು ಕೇಳಿದೆ. ಓದು ಎಂದರು. ಮುಗಿದ ಮೇಲೆ ಕಿಟಕಿಯ ಕಡೆ ನೋಡುತ್ತ, "ಅದಕ್ಕೇ ನಮ್ಮಜ್ಜಿ ನಮ್ಮನ್ನು ಹೊಂಡದ ಹತ್ತಿರ ಬಿಡುತ್ತಲೇ ಇರಲಿಲ್ಲ" ಎಂದರು. ಅವರ ಅಜ್ಜಿ ಆ ಹುಡುಗನ ತಂಗಿ.

ಪತ್ರಿಕೆಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆಸ್ಟ್ರೇಲಿಯಾದ ನ್ಯಾಷನಲ್ ಲೈಬ್ರರಿಯ ಟ್ರೋವ್‌ನಲ್ಲಿ ಹಳೆಯ ಪತ್ರಿಕೆಗಳನ್ನು ಪುಕ್ಕಟೆ ಓದಬಹುದು. 'ಹಾರ್ಶಮ್ ಟೈಮ್ಸ್' 1882ರಿಂದ 1954ರವರೆಗೆ ಇದೆ. ಹೆಸರು ಹಾಕಿದರೆ ಅರ್ಧ ಸಿಗುವುದಿಲ್ಲ, ಏಕೆಂದರೆ ಯಂತ್ರ ಅಕ್ಷರಗಳನ್ನು ತಪ್ಪಾಗಿ ಓದಿರುತ್ತದೆ. ಹಳ್ಳಿಯ ಹೆಸರು, ಪಕ್ಕದ ಹೊಲದವರ ಹೆಸರು, 'ಮಾರಾಟಕ್ಕಿದೆ', 'ಕುರಿ ಕಳೆದಿದೆ', ಹೀಗೆ ಹುಡುಕಿ. ತಪ್ಪು ಕಂಡರೆ ತಿದ್ದಿ ಬನ್ನಿ, ಯಾರು ಬೇಕಾದರೂ ತಿದ್ದಬಹುದು.

ಇಲ್ಲಿನ ಜರ್ಮನ್ ಮನೆತನಗಳ ದಾರಿ ಸ್ವಲ್ಪ ಬೇರೆ. ಪ್ರಶ್ಯ ಎಂಬ ಜರ್ಮನ್ ರಾಜ್ಯದ ದೊರೆ ಚರ್ಚುಗಳನ್ನು ಒಂದು ಮಾಡಲು ಹೊರಟಾಗ ಒಪ್ಪದ ಲುಥೆರನ್ ಪಂಥದ ಕ್ರೈಸ್ತರು ಪಾದ್ರಿ ಕಾವೆಲ್ ಜೊತೆ 1838ರಲ್ಲಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದರು. ಅವರ ಹಿಂದೆ ಇನ್ನೂ ಎಷ್ಟೋ ಜನ ಬಂದರು. ಮಕ್ಕಳಿಗೆ ಅಲ್ಲಿ ಜಮೀನು ಸಾಲದೇ 1870ರ ದಶಕದಲ್ಲಿ ಗಾಡಿ ಕಟ್ಟಿಕೊಂಡು ವಿಮ್ಮೆರಾಕ್ಕೆ ಬಂದ ಕುಟುಂಬಗಳು ಬಹಳ. ಹಾಗಾಗಿ ಮೆಲ್ಬರ್ನ್ ಬಂದರಿನ ಹಡಗಿನ ಪಟ್ಟಿಯಲ್ಲಿ ಇವರು ಸಿಗುವುದೇ ಇಲ್ಲ. ಅಡಿಲೇಡ್‌ನ ಲುಥೆರನ್ ಆರ್ಕೈವ್ಸ್‌ಗೆ ಬರೆಯಬೇಕು. 1904ಕ್ಕಿಂತ ಮುಂಚಿನ ವಿಕ್ಟೋರಿಯಾದ ಪೌರತ್ವದ ಕಾಗದಗಳನ್ನು ನ್ಯಾಷನಲ್ ಆರ್ಕೈವ್ಸ್‌ನಲ್ಲಿ ನೋಡಬೇಕು. ಮೊದಲ ಮಹಾಯುದ್ಧದ ಹೊತ್ತಿಗೆ ಈ ಮನೆಗಳಲ್ಲಿ ಜರ್ಮನ್ ಮಾತು ತಗ್ಗಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಂತೂ ಕಾನೂನು ಮಾಡಿ 69 ಊರುಗಳ ಜರ್ಮನ್ ಹೆಸರು ತೆಗೆದರು. ಅಜ್ಜಿಯ ಬೈಬಲ್ ಹಾಳೆ ಆಗಲೇ ಹರಿಯಿತೋ ಏನೋ, ಅವರಿಗೂ ಗೊತ್ತಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಇಲ್ಲಿನ ಬಹುಪಾಲು ಮನೆತನದ ಪುಸ್ತಕಗಳು 'ಖಾಲಿ ನೆಲಕ್ಕೆ ಬಂದರು' ಎಂದು ಶುರುವಾಗುತ್ತವೆ. ನೆಲ ಖಾಲಿ ಇರಲಿಲ್ಲ. ಇದು ವೊಟ್ಜೋಬಾಲುಕ್ ಎಂಬ ಮೂಲನಿವಾಸಿಗಳ ಮತ್ತು ಅವರ ನೆಂಟ ಜನಗಳ ನೆಲ. ಸೆಲೆಕ್ಟರ್ ಫೈಲಿನಲ್ಲಿ ಅವರ ಹೆಸರೇ ಬರುವುದಿಲ್ಲ. ಆ ಹೊತ್ತಿಗೆ ಬದುಕಿ ಉಳಿದವರಲ್ಲಿ ಎಷ್ಟೋ ಜನ ಡಿಂಬೂಲಾ ಹತ್ತಿರದ ಎಬೆನೇಜರ್ ಮಿಷನ್‌ನಲ್ಲಿದ್ದರು. ಅದು 1859ರಿಂದ 1904ರವರೆಗೆ ನಡೆಯಿತು. 1864ರ ಆಗಸ್ಟ್‌ನಲ್ಲಿ ನ್ಯಾಟಿಮಕ್‌ನ ಆಚೆ ಮೂವರು ಬಿಳಿಯ ಮಕ್ಕಳು ಪೊರಕೆ ಕಡ್ಡಿ ತರಲು ಹೋಗಿ ಕಾಡಿನಲ್ಲಿ ತಪ್ಪಿಸಿಕೊಂಡರು. ಏಳು ವರ್ಷದ ಜೇನ್ ರಾತ್ರಿ ಹೊತ್ತು ತನ್ನ ಲಂಗ ತೆಗೆದು ಚಿಕ್ಕ ತಮ್ಮನಿಗೆ ಹೊದಿಸುತ್ತಿದ್ದಳಂತೆ. ಬಿಳಿಯರ ಹುಡುಕಾಟ ಸೋತ ಮೇಲೆ ಒಂಬತ್ತನೇ ದಿನ ಹೆಜ್ಜೆ ಹಿಡಿದು ಹೋಗಿ ಮಕ್ಕಳನ್ನು ಜೀವಂತ ಕಂಡುಹಿಡಿದವರು ಮೂವರು ಮೂಲನಿವಾಸಿಗಳು. ಅವರಲ್ಲಿ ಒಬ್ಬ ಯಾಂಗೆಂಡ್ಜಿನಾನ್ಯುಕ್, ಬಿಳಿಯರು ಕರೆದ ಹೆಸರು ಡಿಕ್-ಎ-ಡಿಕ್. ನಾಲ್ಕು ವರ್ಷದ ಮೇಲೆ, 1868ರಲ್ಲಿ, ಇಂಗ್ಲೆಂಡ್ ಪ್ರವಾಸ ಮಾಡಿದ ಆಸ್ಟ್ರೇಲಿಯಾದ ಮೊದಲ ಕ್ರಿಕೆಟ್ ತಂಡದಲ್ಲಿ ಅದೇ ಮನುಷ್ಯ ಆಡಿದ. ಇಂಗ್ಲಿಷ್ ನಾಯಕ ಚಾರ್ಲ್ಸ್ ಲಾರೆನ್ಸ್‌ನನ್ನು ಬಿಟ್ಟರೆ ತಂಡ ಮೂಲನಿವಾಸಿಗಳದು, ಹೆಚ್ಚಿನವರು ಈ ಸೀಮೆಯವರು. 47 ಪಂದ್ಯ, 14 ಗೆಲುವು, 14 ಸೋಲು, 19 ಡ್ರಾ. ಕ್ರಿಕೆಟ್ ಹುಚ್ಚಿನ ನಾಡಿನಿಂದ ಬಂದ ನನಗೆ ಇದು ಇಲ್ಲಿಗೆ ಬರುವವರೆಗೆ ಗೊತ್ತೇ ಇರಲಿಲ್ಲ.

2005ರಲ್ಲಿ ಫೆಡರಲ್ ಕೋರ್ಟ್ ವೊಟ್ಜೋಬಾಲುಕ್ ಜನರ ನೆಲದ ಹಕ್ಕನ್ನು ಒಪ್ಪಿತು. ಈಗ ಅವರ ಪರವಾಗಿ ಬರೆಂಗಿ ಗಾಡ್ಜಿನ್ ಲ್ಯಾಂಡ್ ಕೌನ್ಸಿಲ್ ಇದೆ. ನಾನು ಬರೆಯುವ ಪ್ರತಿ ಮನೆತನದ ಮೊದಲ ಪುಟ ಲೈಸೆನ್ಸಿನ ತಾರೀಕಿಗಿಂತ ಹಿಂದೆ ಶುರುವಾಗುತ್ತದೆ. ಒಂದು ಕುಟುಂಬ ಆ ಪುಟ ಬೇಡ ಎಂದಿತು. ಹಾಗಾದರೆ ಬೇರೆಯವರ ಹತ್ತಿರ ಬರೆಸಿಕೊಳ್ಳಿ ಎಂದೆ.

ಫೋಟೊಗಳ ನಡುವೆ ಇನ್ನೊಂದಿತ್ತು. ಕುದುರೆ ಗಾಡಿ, ಪಕ್ಕದಲ್ಲಿ ರುಮಾಲು ಸುತ್ತಿದ ಮನುಷ್ಯ. ಹಿಂದೆ 'ಹಾಕರ್' ಎಂದಷ್ಟೇ ಬರೆದಿತ್ತು. ಪಂಜಾಬಿನಿಂದ ಬಂದು ಬಟ್ಟೆ, ಸೂಜಿ, ದಾರ ಹೊತ್ತು ಹೊಲದ ಮನೆಗಳಿಗೆ ಮಾರುತ್ತಿದ್ದವರು ಈ ರಾಜ್ಯದಲ್ಲಿ ಬಹಳ ಜನ ಇದ್ದರು. ಅವರಲ್ಲೊಬ್ಬರು ಪೂರಣ್ ಸಿಂಗ್. 1947ರಲ್ಲಿ ವಾರ್ನಂಬೂಲ್‌ನಲ್ಲಿ ತೀರಿಕೊಂಡರು. ಅವರ ಅಸ್ಥಿಯನ್ನು ಅಲ್ಲಿನ ಅಂತ್ಯಸಂಸ್ಕಾರದ ಮನೆತನದವರು 63 ವರ್ಷ ಕಾಪಾಡಿದ್ದರು. 2010ರಲ್ಲಿ ಕಪಿಲ್ ದೇವ್ ಮುಂದೆ ನಿಂತು ಅದನ್ನು ಗಂಗೆಗೆ ತಲುಪಿಸಿದರು. ಅಜ್ಜಿಯ ಫೋಟೊದಲ್ಲಿರುವವರ ಹೆಸರನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಇವರಿಗೆ ಅಲಾಟ್‌ಮೆಂಟ್ ನಂಬರ್ ಇಲ್ಲ, ಅದೇ ಕಷ್ಟ. ಹಾಕರ್ ಲೈಸೆನ್ಸಿನ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು, ವರ್ಷ ವರ್ಷ ಓದುತ್ತ ಬರುತ್ತಿದ್ದೇನೆ.

ಕಳೆದ ವರ್ಷ ಅಜ್ಜಿಯ ಮನೆಯವರೆಲ್ಲ ಸೇರಿದ ದಿನ ನಾನು ಬರೆದದ್ದನ್ನು ಓದಿದೆ. ಅವರು ಎದ್ದು ಬಂದ ಊರಿನ ಹೆಸರಿನಿಂದ ಶುರು ಮಾಡಿದೆ, ಹೆಳವರ ಹಾಗೆ. ಎಂಟು ಮಕ್ಕಳ ಹೆಸರನ್ನೂ ಹೇಳಿದೆ. ಹೊರಡುವಾಗ ಅಜ್ಜಿಯ ಮೊಮ್ಮಗ ಕಾರಿನ ಹತ್ತಿರ ಬಂದು ಒಂದು ಚೀಲ ಇಟ್ಟ. ಕಡಲೆ. ಅದೇ 320 ಎಕರೆಯಲ್ಲಿ ಬೆಳೆದದ್ದು. ನಾನು ಬೇಡ ಎನ್ನಲಿಲ್ಲ. ಆ ರಾತ್ರಿ ಒಂದು ಸೇರು ನೆನೆಹಾಕಿದೆ.