ನಾಯಿ ಕರ್ಕೊಂಡು ಒಂದು ದಿನದ ನಡಿಗೆ: ನಾವು ಮಾಡೋದು ಹೀಗೆ

ಮೊದಲು ಜಾಗ ನೋಡಿಕೊಳ್ಳಿ. ಜಾಸ್ತಿ ಜನ ಎಡವುವುದು ಇಲ್ಲೇ. ಯಾರದ್ದೋ ಬೆಟ್ಟದ ಫೋಟೊ ನೋಡಿ ನಾಯಿಯನ್ನು ಕಾರಿಗೆ ಹತ್ತಿಸಿಕೊಂಡು ಹೊರಡುತ್ತಾರೆ, ಗೇಟಿನಲ್ಲಿ ಗಾರ್ಡ್ ವಾಪಸ್ ಕಳಿಸುತ್ತಾನೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಸಾಕುನಾಯಿ ಬಿಡುವುದಿಲ್ಲ. ಬೊಗಳುತ್ತದೆ ಅಂತ ಮಾತ್ರ ಅಲ್ಲ, ನಾಯಿಯ ರೋಗ ಕಾಡುಪ್ರಾಣಿಗೂ ಹತ್ತುತ್ತದೆ. 2018ರಲ್ಲಿ ಗಿರ್‌ ಕಾಡಿನಲ್ಲಿ ಸತ್ತ ಸಿಂಹಗಳಲ್ಲಿ ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ಸೇ.

ನಾವು ಗಂಡ ಹೆಂಡತಿ ಹೋಗುವುದು ಮಾಗಡಿ ಕಡೆ. ಸಾವನದುರ್ಗ ಹತ್ತುವುದಕ್ಕಲ್ಲ. ಅದು ದೂರದಲ್ಲಿ ಕಾಣುತ್ತಿದ್ದರೆ ಸಾಕು. ಕೆರೆ ಏರಿ, ಮಾವಿನ ತೋಪು, ರಾಗಿ ಹೊಲದ ಪಕ್ಕದ ಗಾಡಿ ದಾರಿ, ಹೀಗೆ ನಾಲ್ಕೈದು ಕಿಲೋಮೀಟರ್. ಯಾರದಾದರೂ ತೋಟ ದಾಟಬೇಕಾದರೆ "ಅಣ್ಣಾ, ಈ ಕಡೆ ಹೋಗಬಹುದಾ?" ಅಂತ ಒಂದು ಮಾತು ಕೇಳಿ. ಬೇಡ ಅಂದವರು ನಮಗಿನ್ನೂ ಸಿಕ್ಕಿಲ್ಲ, ಎಳನೀರು ಕುಡಿದು ಹೋಗಿ ಅಂದವರು ಸಿಕ್ಕಿದ್ದಾರೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗ್ಗೆ ಆರಕ್ಕೆ ಮನೆ ಬಿಡಿ, ಹತ್ತಕ್ಕೆಲ್ಲ ನೆರಳಿಗೆ ಬನ್ನಿ. ಇದನ್ನು ನಾವು ಕಲಿತದ್ದು ಪೆಟ್ಟು ತಿಂದು. ನಮ್ಮ ನಾಯಿಯ ಹೆಸರು ರಾಗಿ, ಬೀದಿಯಿಂದ ತಂದವಳು, ಹದಿನೆಂಟು ಕೆಜಿ. ಮೊದಲ ಸಲ ಹನ್ನೊಂದೂವರೆಗೆ ಬಂಡೆ ಮೇಲೆ ನಡೆಸಿಕೊಂಡು ಹೊರಟೆವು. ನಮ್ಮ ಕಾಲಲ್ಲಿ ಶೂ ಇತ್ತು, ಅವಳ ಕಾಲಲ್ಲಿ ಏನಿತ್ತು? ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಾ ಬಂದವಳು ಒಂದು ಹೊಂಗೆ ಮರದ ಕೆಳಗೆ ಮಲಗಿದಳು, ಎಷ್ಟು ಕರೆದರೂ ಏಳಲಿಲ್ಲ, ಕೊನೆಗೆ ನಮ್ಮ ಮನೆಯವರು ಕುರಿಮರಿ ಥರ ಹೆಗಲ ಮೇಲೆ ಹಾಕಿಕೊಂಡು ಕಾರಿನ ತನಕ ಹೊತ್ತು ತಂದರು. ಈಗ ಅಂಗೈ ತಿರುಗಿಸಿ ಹಿಂಭಾಗವನ್ನು ಬಂಡೆಗೆ ಒತ್ತಿ ನೋಡುತ್ತೇವೆ. ಐದು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಗೂ ಆಗುವುದಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಏದುಸಿರು ನಿಲ್ಲದೆ ತೂರಾಡಿದರೆ ನೆರಳಿಗೆ ಒಯ್ದು ಹೊಟ್ಟೆ, ಪಾದ ಒದ್ದೆ ಮಾಡಿ, ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಹಗ್ಗ ಬಿಚ್ಚಬೇಡಿ. ಪಾಪ, ಓಡಾಡಲಿ ಅನ್ನಿಸುತ್ತದೆ, ಆದರೆ ಮುಂದಿನ ತಿರುವಿನಲ್ಲಿ ಕುರಿಮಂದೆ ಇರುತ್ತದೆ. ಊರಿನ ನಾಯಿಗಳು ಬಂದರೆ ಒಬ್ಬರು ಕೋಲು ಹಿಡಿದು ಮುಂದೆ, ಇನ್ನೊಬ್ಬರು ಹಗ್ಗ ಗಿಡ್ಡ ಮಾಡಿಕೊಂಡು ಹಿಂದೆ. ಓಡಬೇಡಿ. ಕಲ್ಲು ಎತ್ತಿಕೊಳ್ಳುವ ಹಾಗೆ ಸುಮ್ನೆ ಬಗ್ಗಿದರೂ ಸಾಕು, ಅರ್ಧಕ್ಕರ್ಧ ವಾಪಸ್. ರೇಬಿಸ್ ಇಂಜೆಕ್ಷನ್ ಆಗಿರದ ನಾಯಿಯನ್ನು ಹೊರಡಿಸಲೇಬೇಡಿ.

ಊಟಕ್ಕೆ ಒಗ್ಗರಣೆ ಹಾಕದ, ಉಪ್ಪಿಲ್ಲದ ಮೊಸರನ್ನ, ಬೇಯಿಸಿದ ಮೊಟ್ಟೆ ಅವಳಿಗೆ. ಚಿತ್ರಾನ್ನ ನಮಗೆ ಮಾತ್ರ, ಈರುಳ್ಳಿ ನಾಯಿಗೆ ವಿಷ. ಕೇಸರಿಬಾತನ್ನೂ ಕೊಡಬೇಡಿ, ಅದರೊಳಗಿನ ಒಣದ್ರಾಕ್ಷಿ ಕಿಡ್ನಿ ಕೆಡಿಸಬಹುದು. ನೀರು ಮನೆಯಿಂದಲೇ ಎರಡು ಲೀಟರ್ ಬೇರೆ ಇರಲಿ. ಹಸಿರು ಪಾಚಿ ಕಟ್ಟಿದ ಕೆರೆ ನೀರಿಗೆ ಬಾಯಿ ಹಾಕಲು ಬಿಡಬೇಡಿ.

ನಾಲ್ಕಕ್ಕೆಲ್ಲ ಕಾರಿನಲ್ಲಿರಿ. ಈ ಬೆಟ್ಟಸಾಲಿನಲ್ಲಿ ಕರಡಿ, ಚಿರತೆ ಎರಡೂ ಇವೆ. ಚಿರತೆಗಂತೂ ನಾಯಿ ಅಂದರೆ ಸುಲಭದ ಊಟ.

ಮಲೆನಾಡಿಗೆ ಹೋಗುವವರಾದರೆ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆ ಇರುವ ಕಡೆ ಕಾಡಿಗೆ ಕಾಲಿಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡ ಆ ಜ್ವರ ಉಣ್ಣೆಯಿಂದಲೇ ಬರುವುದು. ನಮ್ಮ ಬಯಲುಸೀಮೆ ಉಣ್ಣೆಯೇನೂ ಸಾಧು ಅಲ್ಲ, ನಾಯಿಗೆ ಟಿಕ್ ಫೀವರ್ ತರುತ್ತದೆ.

ಹಾಗಾಗಿ ಮನೆಗೆ ಬಂದ ಮೇಲೆ ಅರ್ಧ ಗಂಟೆ ಕೆಲಸ ಇದೆ. ಬಾಲ, ಹೊಟ್ಟೆಯ ಕೂದಲಿಗೆ ಅಂಟಿದ ಉತ್ತರಾಣಿ ಬಿಡಿಸಿ. ಪಾದದಲ್ಲಿ ನೆಗ್ಗಿಲು ಮುಳ್ಳು ಇದೆಯಾ ನೋಡಿ. ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ, ಕೊರಳಪಟ್ಟಿಯ ಕೆಳಗೆ ಉಣ್ಣೆ ಹುಡುಕಿ, ಸಿಕ್ಕರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ನಮ್ಮಲ್ಲಿ ನಾನು ಟಾರ್ಚ್ ಹಿಡಿಯುತ್ತೇನೆ, ಅವರು ಹುಡುಕುತ್ತಾರೆ. ರಾಗಿ ಎರಡನೇ ಕಿವಿಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿರುತ್ತಾಳೆ.